ಹಿಂದೆ ಎರಡಿಂಚು ಎತ್ತರ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ನಿನ್ನ ಸೊಂಟ ಹೇಗಿದೆ? ಹೂಳೆತ್ತುವ ಹಡಗಿನ ಹಾಸಿಗೆ ಹಲಗೆಗಿಂತ ಗಟ್ಟಿ ಎಂದು ಹೋದ ಸಲ ನೀನು ಬರೆದಿದ್ದೆ. ಅಡಿಯಲ್ಲಿ ಒಂದು ಕಂಬಳಿ ಹೆಚ್ಚಿಗೆ ಹಾಕಿಕೋ, ಕೇಳಿ ಪಡೆಯುವುದಕ್ಕೆ ನಾಚಿಕೆ ಬೇಡ. ಇಂಜಿನ್ ಕೋಣೆಗೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ? ಮುಚ್ಚಿಕೊಳ್ಳುತ್ತೇನೆ ಎಂದು ಸುಳ್ಳು ಬರೆಯಬೇಡ. ನನ್ನ ಮಂಡಿ ಎಂದಿನಂತೆ ಬೆಳಿಗ್ಗೆ ಮುನಿಸಿಕೊಂಡು ಹತ್ತು ಗಂಟೆಗೆ ರಾಜಿಯಾಗುತ್ತದೆ. ಗ್ರಂಥಾಲಯಕ್ಕೆ ನಡೆದೇ ಹೋಗುತ್ತೇನೆ.

ಈಗ ಕೂತುಕೊಂಡು ಓದು. ನಿನ್ನ ಪಿಕಪ್‌ಗೆ ಕೈ ಹಾಕಿದ್ದೇವೆ. ನಿನ್ನ ಮಗಳು, ನಮ್ಮ ಮರಕುಟಿಗ, ಮರ ಕೊಯ್ಯುವ ಯಂತ್ರ ಒಂದನ್ನು ಮನೆಗೆ ತಂದಿದ್ದಾಳೆ. ಎರಡು ಚಕ್ರದ ಟ್ರೇಲರಿನ ಮೇಲೆ ಕೂರಿಸಿದ್ದು, ತೂಕ ಒಂಬತ್ತು ಕ್ವಿಂಟಲ್. ಬಿದ್ದ ಮರವನ್ನು ಜನ ಮರದ ಮಿಲ್ಲಿಗೆ ಸಾಗಿಸಲಾರದೆ ಸೌದೆ ಮಾಡಿಬಿಡುತ್ತಾರೆ, ಅದಕ್ಕೇ ಕೊಯ್ಯುವ ಯಂತ್ರವೇ ಮರದ ಬಳಿಗೆ ಹೋಗಲಿ ಎಂದು ಅವಳ ಲೆಕ್ಕ. ಲೆಕ್ಕ ತಪ್ಪೇನಲ್ಲ. ಈಗಾಗಲೇ ಐದು ಮನೆಯವರು ಯಾವಾಗ ಬರ್ತೀಯಮ್ಮಾ ಎಂದು ಕೇಳಿಕೊಂಡು ಬಂದಿದ್ದಾರೆ. ಕಟ್ಟಿದಾಗ ಟ್ರೇಲರಿನ ಮೂತಿ ಗಾಡಿಯ ಮೇಲೆ ಹಾಕುವಷ್ಟು ಭಾರದ ಮರಳುಚೀಲಗಳನ್ನು ಹಿಂದೆ ಹೇರಿ ಒಂದು ಸಂಜೆ ನೋಡಿದೆವು. ಹಿಂಭಾಗ ಕುಸಿದು ಕೂತಿತು, ಮುಂದಿನ ಮೂಗು ಮೇಲೆದ್ದಿತು, ಹೆಡ್‌ಲೈಟು ನೇರ ಎದುರುಮನೆಯ ಮಹಡಿಗೆ ಹೊಡೆಯಿತು. ಅಲ್ಲಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಿಟಕಿ ತೆಗೆದು, "ಸಿನಿಮಾ ಎಷ್ಟು ಹೊತ್ತಿಗೆ ಶುರು?" ಎಂದರು.

ಬರಿಯ ಭಾರದ ಕಥೆಯಾಗಿದ್ದರೆ ಒಂದು ಮಾತಾಗಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಆ ಉಬ್ಬು ಇದೆಯಲ್ಲ. ಅದು ಹುಟ್ಟಿದ ದಿನ ನನಗೆ ನೆನಪಿದೆ, ಯಾರ ಕಾರು ನಿಧಾನವಾಗಿ ಹೋಗಲೆಂದು ಹುಟ್ಟಿತು ಎಂಬುದೂ ನೆನಪಿದೆ. ಅದರ ಎತ್ತರದ ಬಗ್ಗೆ ನಗರ ಕಚೇರಿಗೆ ಹದಿನಾಲ್ಕು ಅರ್ಜಿ ಕೊಟ್ಟೆ. ಉತ್ತರ ಬಂದದ್ದು ಎರಡು. ಒಂದರಲ್ಲಿ ವಿಷಯ ಪರಿಶೀಲನೆಯಲ್ಲಿದೆ ಎಂದಿತ್ತು, ಇನ್ನೊಂದರಲ್ಲಿ ಅಂಥ ಉಬ್ಬೇ ಇಲ್ಲ ಎಂದಿತ್ತು. ಇಲ್ಲದ ಉಬ್ಬಿಗೆ ನಿನ್ನ ಗಾಡಿಯ ಹೊಟ್ಟೆ ಎರಡು ಸಲ ಉಜ್ಜಿದೆ. ರಸ್ತೆಯನ್ನು ತಗ್ಗಿಸುವವರು ಯಾರೂ ಇಲ್ಲದ ಮೇಲೆ ನಾಗರಿಕರಾದ ನಾವು ಗಾಡಿಯನ್ನೇ ಎತ್ತರಿಸಿಕೊಳ್ಳಬೇಕು. ಇದಕ್ಕೂ ನಾವು ಸುಮ್ಮನೆ ಒಗ್ಗಿಹೋಗುತ್ತೇವೆ, ನನಗೆ ಸಿಟ್ಟು ಬರುವುದು ಅದಕ್ಕೆ.

ಗ್ಯಾರೇಜಿನ ಮೇಸ್ತ್ರಿ ನಿನಗೆ ಗೊತ್ತು, ಹಣೆಯ ಮೇಲೊಂದು ಮೂಗಿನ ಮೇಲೊಂದು ಕನ್ನಡಕ ಇಟ್ಟುಕೊಳ್ಳುವವನು. ನಾನು ಗಾಡಿಯ ಕೈಪಿಡಿ ಹಿಡಿದು ನಿಂತದ್ದನ್ನು ನೋಡಿ, "ಅಕ್ಕಾ, ನೀವು ಓದ್ತಾ ಇರಿ, ನಾನು ಬಿಚ್ತಾ ಇರ್ತೀನಿ" ಎಂದ. ಹಿಂದಿನ ಎರಡೂ ಕಡೆಯ ಸ್ಪ್ರಿಂಗ್ ಪಟ್ಟಿಗಳನ್ನು ಕಳಚಿದ. ಎಡಗಡೆಯ ಒಂದು ಪಟ್ಟಿಯಲ್ಲಿ ಕೂದಲೆಳೆಯ ಬಿರುಕು ಕಂಡಿತು, ಇದು ನಿನಗೆ ಗೊತ್ತಿತ್ತೇ? ಅವುಗಳ ಜಾಗಕ್ಕೆ ಹೊಸ ಜೋಡಿ ಬಂತು. ಅದರ ಕೆಳಗೊಂದು ದಪ್ಪ ಪಟ್ಟಿ, ಭಾರ ಬಿದ್ದಾಗ ಮಾತ್ರ ಹೆಗಲು ಕೊಡುವಂಥದ್ದು. ಶಾಕ್ ಅಬ್ಸಾರ್ಬರ್ ಕೂಡ ಉದ್ದನೆಯವು. ನಿನ್ನ ಮಗಳು ಚಕ್ರದ ಮೇಲೆ ಟೇಪು ಹಿಡಿದು ಅಳೆದಳು, ಹಿಂಭಾಗ ಸರಿಯಾಗಿ ಎರಡಿಂಚು ಎದ್ದಿತ್ತು. ಮರಳುಚೀಲ ಹೇರಿದರೂ ಗಾಡಿ ನೆಟ್ಟಗೆ ನಿಂತಿತು, ಮೇಷ್ಟ್ರ ಮನೆಗೆ ಬೆಳಕು ಹೋಗಲಿಲ್ಲ. ನಮ್ಮ ಕೆಲಸ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಹಳೆಯ ಗೋದಾಮಿನ ಹಿಂದಿನ ಜಲ್ಲಿರಸ್ತೆಯಲ್ಲಿ ಭಾರದ ಸಮೇತ ಓಡಿಸಿ ನೋಡಿ ಬಂದವಳು ಇಳಿದು ಹೇಳಿದಳು, "ಅತ್ತೆ, ನಿಲ್ಲುತ್ತೆ, ಆದ್ರೆ ಮುಂದಿನ ಚಕ್ರ ಎರಡೇ ನಿಲ್ಲಿಸ್ತಿವೆ. ಹಿಂದಿನವು ಸುಮ್ನೆ ಜೊತೆಗೆ ಬರ್ತಿವೆ." ಹೊಸ ಸ್ಪ್ರಿಂಗು, ಸ್ವಲ್ಪ ಓಡಿದ್ಮೇಲೆ ಸರಿಹೋಗುತ್ತೆ ಎಂದ ಮೇಸ್ತ್ರಿ. ಇವಳು ಬಿಡಬೇಕಲ್ಲ. "ಸ್ಪ್ರಿಂಗಿಗೂ ಬ್ರೇಕಿಗೂ ಸಂಬಂಧಾನೇ ಇಲ್ಲ ಅಂತ ನಿನ್ನೆ ನೀವೇ ಹೇಳಿದ್ರಿ, ಮಾಮಾ" ಎಂದು ಗಾಡಿಯ ಕೆಳಗೆ ನುಗ್ಗಿದಳು. ಗಂಟೆಯ ಮೇಲೆ ಬೆನ್ನೆಲ್ಲ ಮಣ್ಣಾಗಿ ಹೊರಬಂದಳು. ಹಿಂದಿನ ಅಚ್ಚಿನಿಂದ ಮೇಲಕ್ಕೆ ಒಂದು ಸಣ್ಣ ಸರಳು ಹೋಗಿ ಬ್ರೇಕಿನ ವಾಲ್ವಿಗೆ ಸೇರಿಕೊಂಡಿದೆ. ಭಾರ ಬಿದ್ದು ಗಾಡಿ ತಗ್ಗಿದರೆ ಆ ಸರಳು ವಾಲ್ವನ್ನು ತಳ್ಳುತ್ತದೆ, ಆಗ ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹೆಚ್ಚುತ್ತದೆ. ನಾವು ಗಾಡಿಯನ್ನು ಎತ್ತರಿಸಿದೆವು, ಸರಳನ್ನು ಇದ್ದಂತೆ ಬಿಟ್ಟೆವು. "ಭಾರ ಹೊತ್ಕೊಂಡು, ನಾನು ಖಾಲಿ ಇದ್ದೀನಿ ಅಂತಿದೆ ಅತ್ತೆ, ಇದು" ಎಂದಳು. ಮೇಸ್ತ್ರಿ ಹಣೆಯ ಕನ್ನಡಕವನ್ನೂ ಮೂಗಿಗಿಳಿಸಿ ನೋಡಿದ. ಸರಳಿನ ಹಿಡಿಯನ್ನು ಅಳತೆಗೆ ತಕ್ಕಂತೆ ಸರಿಸಿ ಕೂರಿಸಿದ. ಮತ್ತೆ ಓಡಿಸಿದಾಗ ಜಲ್ಲಿಯ ಮೇಲೆ ನಾಲ್ಕೂ ಚಕ್ರದ ಗೀರು ಮೂಡಿತು. ಅವನನ್ನು ಬಯ್ಯಲು ಮನಸ್ಸು ಬರಲಿಲ್ಲ. ಈ ಮೊದಲು ಹೀಗೇ ಎತ್ತರಿಸಿ ಕೊಟ್ಟ ಮೂರು ಗಾಡಿಯವರಿಗೆ ಅಲ್ಲೇ ನಿಂತು ಫೋನು ಮಾಡಿ ವಾಪಸು ಕರೆದ. ತಪ್ಪೊಪ್ಪಿಕೊಂಡ ಕಚೇರಿಯನ್ನು ನನ್ನ ಆಯುಸ್ಸಿನಲ್ಲಿ ಕಂಡಿಲ್ಲ, ಒಬ್ಬ ಮೇಸ್ತ್ರಿಯನ್ನು ಕಂಡೆ.

ಇಷ್ಟಾದರೂ ಟ್ರೇಲರು ಅಂಗಳದಲ್ಲೇ ಇದೆ. "ನಾನು ಬದುಕಿರೋವರೆಗೂ ನನ್ನ ಗಾಡಿಗೆ ಟ್ರೇಲರ್ ಕಟ್ಟಕೂಡದು" ಎಂದು ನೀನು ಹೊರಡುವ ದಿನ ಹೇಳಿದ್ದು ಅವಳ ಎದೆಯಲ್ಲಿ ಕೂತಿದೆ. ಅಪ್ಪ ಒಪ್ಪದೆ ಕಟ್ಟುವುದಿಲ್ಲ ಎನ್ನುತ್ತಾಳೆ. ತನ್ನ ಕೈಯ ಮೇಲೆ ನಿನಗೆ ನಂಬಿಕೆಯಿಲ್ಲ ಎಂದೇ ತಿಳಿದಿದ್ದಾಳೆ. ಹದಿನೆಂಟು ವರ್ಷದ ಹಿಂದೆ, ಅವಳಿಗೆ ಐದು ತುಂಬಿದ್ದಾಗ, ಕಂಪನಿಯ ಪಿಕಪ್ಪಿನಲ್ಲಿ ಹೆಂಚು ಹೇರಿದ ಟ್ರೇಲರು ನಿನ್ನನ್ನು ಸೇತುವೆಯ ಇಳಿಜಾರಿನಲ್ಲಿ ಹಿಂದಿನಿಂದ ನೂಕಿಕೊಂಡು ಹೋಗಿ ಶಾಲೆಯ ಗೋಡೆಗೆ ಹಾಕಿತಲ್ಲ, ಅದು ಅವಳಿಗೆ ಗೊತ್ತಿಲ್ಲ. ಹೇಳಬೇಡ ಎಂದು ನೀನು ನನ್ನಿಂದ ಭಾಷೆ ತೆಗೆದುಕೊಂಡೆ. ರಜೆಯ ದಿನವಾದ್ದರಿಂದ ಗೋಡೆ ಮಾತ್ರ ಹೋಯಿತು. ವಿಚಾರಣೆಯಲ್ಲಿ "ನನ್ನ ಕಾಲು ತಡವಾಯ್ತು" ಎಂದು ನೀನೇ ಹೇಳಿ ಎದ್ದು ಬಂದೆ. ಅಂದು ಬಿಟ್ಟ ಚಾಲಕನ ಕೆಲಸ ಬಿಟ್ಟಂತೆಯೇ ಇದೆ.

ಅವಳಿಗೊಂದು ಉತ್ತರ ಬರೆ. ಒಪ್ಪಿಗೆ ಇಲ್ಲದಿದ್ದರೆ ಕಾರಣವನ್ನಾದರೂ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೈ, ಮನಸ್ಸು ಎರಡೂ ಹಗುರವಾಗಿರಲಿ.

ನಿನ್ನ ಅಕ್ಕ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ. ಅಂಚೆಯವನು ಬರುವ ಹೊತ್ತು, ಅಕ್ಷರ ಸೊಟ್ಟಗಾದರೆ ಸಹಿಸಿಕೋ. ನಿನ್ನೆ ಆ ವಿಚಾರಣಾ ವರದಿಯನ್ನು ಟ್ರಂಕಿನಿಂದ ತೆಗೆದೆ. ನಾಲ್ಕನೆಯ ಪುಟದಲ್ಲಿ ಹೀಗಿದೆ: "ಹೆಚ್ಚಿನ ಭಾರಕ್ಕಾಗಿ ಹಿಂದಿನ ವಾರವಷ್ಟೇ ಪಟ್ಟಿ ಸೇರಿಸಿ ಗಾಡಿಯನ್ನು ಎತ್ತರಿಸಲಾಗಿತ್ತು. ಬ್ರೇಕಿನ ಯಾವ ಭಾಗವನ್ನೂ ಮುಟ್ಟಿರಲಿಲ್ಲ. ಆದ್ದರಿಂದ ದೋಷ ಚಾಲಕನದು." ಮುಟ್ಟದೆ ಬಿಟ್ಟದ್ದೇ ದೋಷ, ತಮ್ಮಾ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು, ಅಂದೇ ಆ ವರದಿಯಲ್ಲಿ ಹತ್ತೊಂಬತ್ತು ತಪ್ಪು ಹುಡುಕಿ ಗುರುತು ಹಾಕಿ, ಬರೆಯಲು ಬಾರದವರು ಎಂದು ಅವರನ್ನು ಹಂಗಿಸಿದ್ದೆ. ಈ ಸಾಲಿನ ಪಕ್ಕದಲ್ಲಿ ನನ್ನ ಗುರುತೇ ಇಲ್ಲ. ಯಾರದೆಂದು ಹೇಳದೆ ಮೇಸ್ತ್ರಿಗೆ ಓದಿ ಹೇಳಿದೆ. "ಆಣೆ ಮಾಡಲಾರೆ ಅಕ್ಕಾ, ಆದ್ರೆ ಆ ಇಳಿಜಾರಲ್ಲಿ ಅವನು ಎರಡೂ ಕಾಲಲ್ಲಿ ಒತ್ತಿದ್ರೂ ಇದೇ ಆಗ್ತಿತ್ತು" ಎಂದ. ನಿನ್ನ ಕಾಲು ತಡವಾಗಿರಲಿಲ್ಲ. ಅವಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆ ಸರಳನ್ನು ಕಂಡುಹಿಡಿದವಳು ಅವಳು. ಅದರಿಂದ ಏನು ಬಿಡುಗಡೆಯಾಯಿತು ಎಂಬುದನ್ನು ಅವಳು ಅಪ್ಪನ ಬಾಯಿಂದಲೇ ಕೇಳಬೇಕು.