ಗೋಡೆಗೆ ಸರಿದು ನಿಂತವಳು

ಇಂಡಿ,
೧೨ ಜನವರಿ ೨೦೨೫

ಪ್ರೀತಿಯ ಸಂಕರ್ಷಣಾ,

ಮುದ್ದೇಬಿಹಾಳದ ಚಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಕಾಲೇಜಿನ ಹುಡುಗರಿಗೆ ನಾಟಕದ ಪಾಠ ಹೇಳುವುದರಲ್ಲೇ ಹೊಟ್ಟೆ ತುಂಬುತ್ತದೆಯೋ? ಮೊಣಕಾಲು ಬಿಟ್ಟರೆ ನಾನು ನೆಟ್ಟಗಿದ್ದೇನೆ. ನಿನ್ನ ಹೆಂಡತಿ ಮಂಜರಿಯ ಹೆಸರೆತ್ತಿದ ಕೂಡಲೇ ಫೋನು ಇಟ್ಟುಬಿಡುತ್ತೀ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಜಾನಕಿ ಬಾವಿಗೆ ಬಿದ್ದು ತೀರಿಕೊಂಡ ಆ ನಸುಕಿನಲ್ಲಿ ಮಂಜರಿ ಅಡುಗೆಮನೆಯ ಬಾಗಿಲಲ್ಲಿದ್ದಳು. ಜಾನಕಿ ಗಳದ ಮೇಲಿನ ಮಡಿ ಸೀರೆ ಉಟ್ಟು, ಕೊಡ ಹಿಡಿದು ಬಂದಳು. ಮಂಜರಿ ಸೆರಗು ಮುದುರಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟಳು. ಈ ಮನೆಗೆ ಕಾಲಿಟ್ಟಾಗಿನಿಂದ ಅವಳು ದಿನಾ ಮಾಡಿದ್ದು ಅದನ್ನೇ. ಮದುವೆಯಾದ ಹೊಸತರಲ್ಲಿ ಒಮ್ಮೆ ಸೆರಗು ತಗುಲಿದ್ದಕ್ಕೆ ನಿನ್ನ ಅಮ್ಮ ತುಂಬಿದ ಕೊಡ ಚೆಲ್ಲಿ, "ದೂರ ಸರಿ, ಮಡೀಲೆ ಇದ್ದೀನಿ ಅನ್ನೂದು ಕಾಣಸೂದಿಲ್ಲೇನು?" ಎಂದು ಕೂಗಾಡಿದ್ದು ಮರೆತೆಯಾ? ನೀರು ತರುವ ತನಕ ಜಾನಕಿ ಯಾರನ್ನೂ ಮಾತಾಡಿಸುತ್ತಲೂ ಇರಲಿಲ್ಲ. ಹೀಗಿರುವಾಗ, ಎದುರಿಗೆ ಹಾದುಹೋಗುವವಳು ನಿದ್ದೆಯಲ್ಲಿದ್ದಾಳೆ ಎಂದು ಆ ಹುಡುಗಿಗೆ ಹೇಗೆ ತಿಳಿಯಬೇಕು?

"ಅತ್ತಿಯವರ ಕಣ್ಣು ತೆರದಿದ್ವುರಿ, ಆದ್ರ ನನ್ನ ನೋಡಲಿಲ್ಲ" ಎಂದು ಆಮೇಲೆ ಅವಳು ಅತ್ತಳು. ನೀನು ಆ ಒಂದು ಮಾತನ್ನೇ ಹಿಡಿದುಕೊಂಡೆ. "ನೋಡಿನೂ ಯಾಕ ಬಿಟ್ಲು?" ಎಂದು ಹತ್ತು ಜನರ ಮುಂದೆ ಕೇಳಿ ಅವಳನ್ನು ಚಡಚಣಕ್ಕೆ, ತವರಿಗೆ ಕಳಿಸಿದೆ.

ಹೋದ ವಾರ ವಿಜಯಪುರಕ್ಕೆ ಹೋಗಿ, ನಿದ್ದೆಯ ಕಾಯಿಲೆ ನೋಡುವ ಮುಮ್ತಾಜ ಡಾಕ್ಟರನ್ನು ಕಂಡೆ. ಜಾನಕಿ ಹೊಸದಾಗಿ ನುಂಗುತ್ತಿದ್ದ ನಿದ್ದೆಯ ಗುಳಿಗೆಯನ್ನೂ ತೋರಿಸಿದೆ. ಅಂಥ ಗುಳಿಗೆಯಿಂದ ಕೆಲವರು ನಿದ್ದೆಯಲ್ಲೇ ಎದ್ದು ನಡೆಯುತ್ತಾರಂತೆ. "ಮಿದುಳಿನ್ಯಾಗ ಅರ್ಧ ಎದ್ದಿರ್ತದ, ಅರ್ಧ ಮಲಗಿರ್ತದ್ರಿ. ರೂಢಿ ಇದ್ದ ಕೆಲಸಾ ಎಲ್ಲಾ ಮಾಡ್ತಾರ. ನೋಡಿದವರಿಗೆ ಗೊತ್ತಾಗೂದಿಲ್ಲ" ಎಂದರು.

ನೀನು ಪಾಠ ಹೇಳುವ ನಾಟಕಗಳಲ್ಲಿ ನಿದ್ದೆಯಲ್ಲಿ ನಡೆಯುವವರೆಲ್ಲ ಪಾಪ ಮಾಡಿದವರು, ನಿದ್ದೆ ಕಳೆದುಕೊಂಡವರೆಲ್ಲ ಅಪರಾಧಿಗಳು. ಹಾಗಾದರೆ ನಿನ್ನ ಅಮ್ಮ ಯಾವ ಪಾಪ ಮಾಡಿದ್ದಳಪ್ಪಾ? ಅವಳನ್ನು ಪುಣ್ಯಾತ್ಮಳೆಂದು ಬಿಟ್ಟುಬಿಟ್ಟೆ, ಮಂಜರಿ ಕಣ್ಣು ಮುಚ್ಚುತ್ತಿಲ್ಲ ಎಂದು ಕೇಳಿದಾಗ ಮಾತ್ರ "ತಪ್ಪು ಮಾಡಿದಾಕಿಗೆ ನಿದ್ದಿ ಹೆಂಗ ಬರಬೇಕು?" ಎಂದೆ. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಜಾನಕಿ ಇಲ್ಲದ ಈ ಮನೆ ನನ್ನನ್ನು ತಿನ್ನುತ್ತಿದೆ, ನಿಜ. ಆದರೆ ಆ ಸಂಕಟಕ್ಕೆ ಒಬ್ಬಳನ್ನು ಬಲಿ ಕೊಟ್ಟರೆ ನಿನ್ನ ಅಮ್ಮ ಎದ್ದು ಬರುತ್ತಾಳೆಯೇ?

ಕಿವಿಗೆ ಮಫ್ಲರ್ ಸುತ್ತಿಕೊಂಡು ಓಡಾಡು. ಸಿಟ್ಟಿನಲ್ಲಿ ಬರೆದರೂ ನನ್ನ ಆಶೀರ್ವಾದಕ್ಕೇನೂ ಕಡಿಮೆಯಿಲ್ಲ.

ನಿನ್ನ ಅಪ್ಪ,
ವಾಸುದೇವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಡಚಣದಿಂದ ಬೀಗರ ಫೋನು ಬಂತು. ನಿದ್ದೆ ಹತ್ತಿದರೆ ತಾನೂ ಅತ್ತೆಯಂತೆ ಎದ್ದು ನಡೆದು ಯಾರನ್ನಾದರೂ ಕೊಂದೇನು ಎಂದು ಮಂಜರಿ ಕಾಲನ್ನು ಮಂಚಕ್ಕೆ ಬಿಗಿದುಕೊಂಡು ಕೂರುತ್ತಾಳಂತೆ. ಹಗ್ಗ ಉಜ್ಜಿ ಉಜ್ಜಿ ಚರ್ಮ ಕಿತ್ತಿದೆ. ಬಿಚ್ಚಲು ಹೋದ ತಾಯಿಗೆ, "ನೀ ಕೊಂದಿಲ್ಲ ಅಂತ ಅವರು ನನಗ ಒಮ್ಮೆ ಅನ್ನಲಿ, ಆಮ್ಯಾಲೆ ಬಿಚ್ಚು" ಎನ್ನುತ್ತಾಳಂತೆ. ನಾನು ಈಗಲೇ ಬಸ್ಸು ಹಿಡಿಯುತ್ತಿದ್ದೇನೆ. ಆದರೆ ಆ ಮಾತು ನಾನು ಹೇಳಿದರೆ ನಡೆಯುವುದಿಲ್ಲ, ಸಂಕರ್ಷಣಾ.