ನಾನು ಹಾಸಿಗೆ ಹಿಡಿದಿಲ್ಲ

ವರ್ಗಾವಣೆ ಕಚೇರಿಯ ಸಾಹೇಬರಿಗೆ,

ಅಕ್ಷರ ಸೊಟ್ಟಗಿದೆ ಅಂತ ಈ ಕಾಗದವನ್ನು ಗುಮಾಸ್ತನ ಮೇಜಿಗೆ ದೂಡಬೇಡಿ. ದೇವರು ನಿಮಗೂ ಕಣ್ಣು ಕೊಟ್ಟಿದ್ದಾನೆ, ನೀವೇ ಓದಿ.

ನನ್ನ ಮೊಮ್ಮಗಳೂ ಅವಳ ಜೊತೆಗಾತಿಯೂ ಒಂದೇ ಶಾಲೆಯಲ್ಲಿ ಟೀಚರು. ಹನ್ನೊಂದು ವರ್ಷದಿಂದ ಇಬ್ಬರೂ ಮದುವೆಯಾದವರಂತೆ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದಾರೆ, ನಾನೂ ಅವರ ಜೊತೆಗೇ ಇದ್ದೇನೆ. ಮುಂದಿನ ತಿಂಗಳಿಂದ ಮೊಮ್ಮಗಳನ್ನು ಇಡೀ ದಿನದ ದಾರಿಯಾಚೆಯ ಊರಿಗೆ ವರ್ಗ ಮಾಡಿದ್ದೀರಿ. ಗಂಡ ಹೆಂಡತಿಯನ್ನು ಅಗಲಿಸಬಾರದೆಂಬ ನಿಯಮ ಇದೆಯಲ್ಲ ಅಂತ ಅವಳು ಕೇಳಿದ್ದಕ್ಕೆ, "ಗೆಳತಿಯರಿಗೆಲ್ಲ ಅದು ಬರಲ್ಲಮ್ಮ. ಮನೇಲಿ ಅಜ್ಜಿ ಇದಾರಲ್ಲ, ಹಾಸಿಗೆ ಹಿಡಿದಿದಾರೆ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ, ನಿಲ್ಲಿಸ್ತೀನಿ" ಅಂದಿರಂತೆ.

ಹುಡುಗಿಯರು ಹೆದರಿ ಬರೆಸಿಯೂ ತಂದರು. ನಿನ್ನೆ ಅದು ನನ್ನ ಕೈಗೆ ಸಿಕ್ಕಿತು, ಹರಿದು ಹಾಕಿದೆ. "ಅಜ್ಜೀ, ನಮಗಿದ್ದಿದ್ದು ಅದೊಂದೇ ದಾರಿ" ಅಂತ ಮೊಮ್ಮಗಳು ಅತ್ತಳು. ಇನ್ನೊಬ್ಬಳು ನನ್ನ ಮೇಲೆ ಮುನಿಸಿಕೊಂಡು ಇವತ್ತು ಬುತ್ತಿಯನ್ನೂ ಕಟ್ಟಿಕೊಳ್ಳದೆ ಶಾಲೆಗೆ ಹೋದಳು.

ನನ್ನ ಗಂಡ ಮದುವೆಯಾದ ಮೂರನೇ ವರ್ಷಕ್ಕೇ ಬಿಟ್ಟು ಓಡಿದ. ಅವನು ಸಾಯುವವರೆಗೂ ಸರ್ಕಾರದ ಕಾಗದದಲ್ಲಿ ನಾವು ಗಂಡ ಹೆಂಡತಿ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಊಟ ಬಿಡುವ ಇವರು ಮಾತ್ರ ಏನೂ ಅಲ್ಲವೇ? ದಿನಾ ಮೂರು ಮಹಡಿ ಹತ್ತಿಳಿಯುವ ನನ್ನನ್ನು ಮಲಗಿಸಬೇಡಿ, ಇವರ ಮದುವೆಯನ್ನು ಬರೆದುಕೊಳ್ಳಿ. ನಿಮ್ಮ ಕೈಲಾಗದಿದ್ದರೆ ಕಾನೂನು ಮಾಡುವವರಿಗೆ ಇದೇ ಕಾಗದ ಕಳಿಸಿ. ಅಲ್ಲಿಯವರೆಗೆ ವರ್ಗಾವಣೆ ತಡೆಯಿರಿ.

ಪೆಟ್ಟಿಗೆ ಕಟ್ಟಬೇಕೋ ಬೇಡವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಬರೆದು ತಿಳಿಸಿ.

ಇಂತಿ,
ಆ ಇಬ್ಬರ ಅಜ್ಜಿ