ನಾಳೆ ಆಳದ ಕಡೆಗೆ

ಈಜು ಕಲಿಸುವ ನನ್ನ ಪುಟ್ಟ ಮೇಡಮ್ಮನಿಗೆ,

ನಿನ್ನೆ ಕಾಲಿಗೆ ನೆಲ ಸಿಗದೆ ಗಾಬರಿಯಾಗಿ ನಿನ್ನ ಕೊರಳಿನ ಸೀಟಿ ದಾರಕ್ಕೇ ಜೋತುಬಿದ್ದೆ. ಕೆಂಪಗಾಗಿದ್ದ ಕತ್ತು ಈಗ ಹೇಗಿದೆಯಮ್ಮಾ? ನಾಳೆ ಆ ಸೀಟಿ ಬಿಚ್ಚಿಟ್ಟು ಬಾ.

ನಾಳೆ ಮತ್ತೆ ಆಳದ ಕಡೆ ಇಳಿಯಬೇಕು ಅಂದಿದ್ದೀಯ. ನೆನೆದರೇ ಭಯವಾಗುತ್ತೆ. "ಎಪ್ಪತ್ತೆರಡರಲ್ಲಿ ಇದೆಲ್ಲ ಬೇಕಿತ್ತಾ? ಬಿಟ್ಟುಬಿಡಮ್ಮ" ಅಂತಾಳೆ ಮಗಳು. ಅವಳಿಗೇನು ಗೊತ್ತು! ಮೆಟ್ಟಿಲು ಹತ್ತುವಾಗ ಪ್ರಾಣ ಹಿಂಡುವ ಈ ಮೊಣಕಾಲು ನೀರಿಗಿಳಿದ ಕೂಡಲೇ ಸುಮ್ಮನಾಗುತ್ತೆ. ಆ ಸುಖ ತೋರಿಸಿದವಳು ನೀನು. ನಿನ್ನ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ಮಾತು. ನಾಳೆ ನಾನು ಹೆದರಿ, "ಸಾಕು, ಮನೆಗೆ ಹೋಗ್ತೀನಿ" ಅಂತ ಎಷ್ಟೇ ಗೋಗರೆದರೂ ಕಿವಿಗೆ ಹಾಕಿಕೊಳ್ಳಬೇಡ. ಕೈಗೆಟುಕುವಷ್ಟು ಹತ್ತಿರದಲ್ಲಿರು, ಅಷ್ಟು ಸಾಕು.

ನಡುಗುತ್ತಲೇ, ಈಜುಕೊಳದ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವ,
ನಿನ್ನ ಮುದುಕಿ ವಿದ್ಯಾರ್ಥಿನಿ